ಇಂಗ್ಲಿಷಿನ ‘ಎ’ (A) ಅಕ್ಷರದ ಹೆಸರುಗಳಿಗೆ ‘ಬಿಹೈಂಡ್ ದ ನೇಮ್’: ಎಲ್ಲಿ ನಂಬಬಹುದು, ಎಲ್ಲಿ ತಡೆದು ನೋಡಬೇಕು

ಒಂದೇ ಅಕ್ಷರದಿಂದ ಶುರುವಾಗುವ ಮಕ್ಕಳ ಹೆಸರುಗಳನ್ನು ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ಒಂದನ್ನೊಂದು ನಕಲು ಹೊಡೆದವು. ಒಂದರ ತಪ್ಪು ಹತ್ತರಲ್ಲಿ ಇರುತ್ತದೆ, ಹತ್ತರಲ್ಲಿ ಇರುವುದರಿಂದಲೇ ನಿಜ ಅನ್ನಿಸುತ್ತದೆ. ಮೈಕ್ ಕ್ಯಾಂಬೆಲ್ 1996ರಲ್ಲಿ ಶುರು ಮಾಡಿದ ‘ಬಿಹೈಂಡ್ ದ ನೇಮ್’ ಜಾಲತಾಣ ಆ ಸಾಲಿಗೆ ಸೇರಿದ್ದಲ್ಲ. ಅದು ಹೆಸರನ್ನು ನಿಘಂಟಿನ ಪದದಂತೆ ನೋಡುತ್ತದೆ: ಯಾವ ಭಾಷೆಯಲ್ಲಿ ಬಳಕೆ, ಮೂಲ ಲಿಪಿಯಲ್ಲಿ ಬರಹ ಹೇಗೆ, ಉಚ್ಚಾರ ಏನು, ಯಾವ ಪದದಿಂದ ಹುಟ್ಟಿತು. ಬಳಸಲು ದುಡ್ಡು ಕೊಡಬೇಕಿಲ್ಲ, ಆದರೆ ಇಂಗ್ಲಿಷ್ ಓದಲು ಬರಬೇಕು.

ಇದರ ದೊಡ್ಡ ಗುಣ, ಕಾಗುಣಿತ ಒಂದೇ ಆಗಿದ್ದು ಮೂಲ ಬೇರೆಯಾಗಿರುವ ಹೆಸರುಗಳಿಗೆ 1, 2 ಎಂದು ಅಂಕಿ ಹಾಕಿ ಬೇರೆಬೇರೆ ಇಡುವುದು. ‘ಅಮಲ್’ ತೆಗೆದುಕೊಳ್ಳಿ. ಅರಬ್ಬಿಯಲ್ಲಿ ಅದು ಭರವಸೆ, ನಿರೀಕ್ಷೆ. ಸಂಸ್ಕೃತದ ‘ಅಮಲ’ ಎಂದರೆ ಮಲವಿಲ್ಲದ್ದು, ಶುದ್ಧ. ಎರಡಕ್ಕೂ ಸಂಬಂಧವೇ ಇಲ್ಲ. ಮಾಮೂಲಿ ಪಟ್ಟಿಗಳು ಇವೆರಡನ್ನೂ ಕಲಸಿ ‘ಶುದ್ಧವಾದ ಭರವಸೆ’ ಎಂಬಂಥ ಅರ್ಥ ಉಣಬಡಿಸುತ್ತವೆ. ಮೂಲದ ಕಾಲಂನಲ್ಲಿ ‘ಹಿಂದೂ’, ‘ಮುಸ್ಲಿಂ’ ಎಂದು ಬರೆದ ಪಟ್ಟಿಯನ್ನಂತೂ ಅಲ್ಲಿಗೇ ಮುಚ್ಚಬಹುದು. ಧರ್ಮ ಭಾಷೆಯಲ್ಲ, ಪದ ಹುಟ್ಟುವುದು ಭಾಷೆಯಲ್ಲಿ.

ತೊಡಕು ಶುರುವಾಗುವುದು ಅಕ್ಷರದಿಂದಲೇ. ತಾಣದ ವಿಂಗಡಣೆ ರೋಮನ್ ‘ಎ’ ಪ್ರಕಾರ. ಕನ್ನಡದ ಅ, ಆ, ಐ ಮೂರೂ ಅದೇ ಪುಟಗಳಲ್ಲಿ ಬಂದು ಕೂರುತ್ತವೆ. ಅರುಣ, ಆನಂದ, ಐಶ್ವರ್ಯ ಎಲ್ಲರೂ ಅಕ್ಕಪಕ್ಕ. ಏಮಿ, ಏಬಲ್ ಕೂಡ ಅಲ್ಲೇ. ರೋಮನ್ ಬರಹವನ್ನು ನೋಡಿ ಕನ್ನಡಕ್ಕೆ ಇಳಿಸುವಾಗ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಬುಡಮೇಲು. ‘ಆದ್ಯಾ’ ಎಂದರೆ ಮೊದಲನೆಯವಳು, ‘ಅದ್ಯ’ ಎಂದರೆ ಇವತ್ತು. ‘ಆನಂದ’ ಸಂತೋಷ, ‘ಅನಂದ’ ಎಂದರೆ ಸಂತೋಷವಿಲ್ಲದ್ದು. ಕಠೋಪನಿಷತ್ತಿನ ಆರಂಭದಲ್ಲೇ ಸುಖವಿಲ್ಲದ ಲೋಕಗಳನ್ನು ‘ಅನಂದಾ ನಾಮ ತೇ ಲೋಕಾಃ’ ಎಂದು ಕರೆದಿದೆ. ಅರಬ್ಬಿಯಲ್ಲೂ ಇದೇ ಪಾಡು: ‘ಅಮೀರ್’ ಒಡೆಯ, ದಳಪತಿ, ‘ಆಮಿರ್’ ತುಂಬಿ ಬಾಳುವವನು. ಅರಬ್ಬಿ ಲಿಪಿಯಲ್ಲಿ ಮೊದಲನೆಯದು ಶುರುವಾಗುವುದು ಅಲಿಫ್ ಎಂಬ ಅಕ್ಷರದಿಂದ, ಎರಡನೆಯದು ಐನ್ ಎಂಬ ಬೇರೆ ಅಕ್ಷರದಿಂದ.

ಹಾಗಾಗಿ ಯಾವ ಹೆಸರಿನ ಪುಟ ತೆರೆದರೂ ಅರ್ಥಕ್ಕೆ ಮೊದಲು ಲಿಪಿಯ ಸಾಲನ್ನು ನೋಡಿ. ದೇವನಾಗರಿಯಲ್ಲಿ ಮೊದಲಕ್ಷರದ ಬಲಕ್ಕೆ ಇನ್ನೊಂದು ಉದ್ದ ಗೆರೆ ಇದ್ದರೆ ‘ಆ’, ಇಲ್ಲದಿದ್ದರೆ ‘ಅ’.

ಸಂಸ್ಕೃತ ಮೂಲದ ‘ಅ’ ಹೆಸರುಗಳಲ್ಲಿ ದೊಡ್ಡ ಪಾಲು ‘ಇಲ್ಲ’ ಎಂದು ಹೇಳುವಂಥವು. ಮುಂದಿನದು ವ್ಯಂಜನವಾದರೆ ‘ಅ’, ಸ್ವರವಾದರೆ ‘ಅನ್’ ಸೇರುತ್ತದೆ. ಅಚ್ಯುತ: ಜಾರದವನು. ಅನಿರುದ್ಧ: ತಡೆಯಿಲ್ಲದವನು. ಅನಘ: ಅನ್ ಮತ್ತು ಅಘ, ಪಾಪವಿಲ್ಲದವನು. ಅನನ್ಯ: ಅನ್ ಮತ್ತು ಅನ್ಯ, ಬೇರೊಂದಿಲ್ಲದ್ದು. ಅಪರ್ಣಾ ಎಂದರೆ ಎಲೆಯನ್ನೂ ಬಿಟ್ಟವಳು. ತಪಸ್ಸಿನಲ್ಲಿ ಉದುರಿದ ಎಲೆಯನ್ನೂ ತಿನ್ನದ ಪಾರ್ವತಿಗೆ ಆ ಹೆಸರು ಬಂತೆಂದು ಕಾಳಿದಾಸ ‘ಕುಮಾರಸಂಭವ’ದಲ್ಲಿ ಹೇಳುತ್ತಾನೆ. ‘ಅನಿಕೇತ’ಕ್ಕೆ ‘ಜಗದೊಡೆಯ’ ಎಂದು ಬರೆದ ಪಟ್ಟಿಗಳಿವೆ. ನಿಕೇತ ಎಂದರೆ ಮನೆ, ಅನಿಕೇತ ಮನೆಯಿಲ್ಲದವನು. ಗೀತೆಯ 12ನೇ ಅಧ್ಯಾಯದ 19ನೇ ಶ್ಲೋಕದಲ್ಲಿ ಭಕ್ತನ ಲಕ್ಷಣವಾಗಿ ಈ ಪದ ಬರುತ್ತದೆ. ಒಳ್ಳೆಯ ಹೆಸರೇ, ಅರ್ಥ ಗೊತ್ತಿದ್ದು ಇಟ್ಟರೆ.

ಎಲ್ಲ ‘ಅ’ಕಾರವೂ ನಿಷೇಧವಲ್ಲ. ಅರುಣ ಕೆಂಬಣ್ಣ, ಅರ್ಜುನ ಬಿಳುಪು. ಲ್ಯಾಟಿನ್ನಿನಲ್ಲಿ ಬೆಳ್ಳಿಗಿರುವ ‘ಅರ್ಗೆಂಟುಮ್’ ಅರ್ಜುನ ಪದದ ನೆಂಟ. ಗ್ರೀಕಿನಲ್ಲೂ ಇದೇ ನಿಷೇಧದ ‘ಅ’ ಇದೆ: ಅಥನೇಸಿಯಸ್, ಅಂಬ್ರೋಸ್ ಎರಡರ ಅರ್ಥವೂ ಸಾವಿಲ್ಲದವನು, ನಮ್ಮ ‘ಅಮೃತ’ದ ಹಾಗೆ. ಆದರೆ ಅನಸ್ತಾಸಿಯಾದಲ್ಲಿರುವ ‘ಅನ’ ಮೇಲಕ್ಕೆ ಎಂಬ ಅರ್ಥದ್ದು. ಹೆಸರು ಪುನರುತ್ಥಾನವನ್ನು ಹೇಳುತ್ತದೆ.

ತಾಣದಲ್ಲಿ ಎರಡು ವಿಭಾಗಗಳಿರುವುದು ಮುಖ್ಯ. ಸಂಪಾದಕರು ಬರೆದ ಮುಖ್ಯ ವಿಭಾಗ ಒಂದು, ಓದುಗರು ಸೇರಿಸಿದ ಹೆಸರುಗಳದ್ದು ಇನ್ನೊಂದು. ಹುಡುಕಿದಾಗ ಎರಡನೆಯದಕ್ಕೆ ಹೋಗಿ ಬಿದ್ದಿದ್ದರೆ ಅಲ್ಲಿಯ ಅರ್ಥವನ್ನು ಸುಳಿವು ಎಂದಷ್ಟೇ ಹಿಡಿಯಿರಿ. ಹೀಬ್ರೂ, ಗ್ರೀಕ್, ಜರ್ಮನಿಕ್ ಹೆಸರುಗಳಿಗೆ ಇರುವಷ್ಟು ತುಂಬುತನ ಭಾರತೀಯ ಭಾಷೆಗಳ ಹೆಸರುಗಳಿಗೆ ಇಲ್ಲ. ಈಚೆಗೆ ಹುಟ್ಟಿದ ‘ಅದ್ವಿಕ್’ ಥರದ ಹೆಸರುಗಳಿಗೆ ಸಂಸ್ಕೃತದ ಮೊಹರು ಹುಡುಕಿ ಪ್ರಯೋಜನವಿಲ್ಲ. ಒಂದೇ ಒಂದು, ಎರಡನೆಯದಿಲ್ಲದ್ದು ಎಂಬ ಅರ್ಥಕ್ಕೆ ಇರುವ ಪದ ‘ಅದ್ವಿತೀಯ’.

ಸಂಸ್ಕೃತ ಹೆಸರುಗಳಿಗೆ ಇದರ ಜೊತೆ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿಟ್ಟಿರುವ ಮೋನಿಯರ್ ವಿಲಿಯಮ್ಸ್ ಸಂಸ್ಕೃತ-ಇಂಗ್ಲಿಷ್ ನಿಘಂಟನ್ನು (1899ರ ಆವೃತ್ತಿ) ಇಟ್ಟುಕೊಳ್ಳಿ. ಸಂಸ್ಕೃತವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಹಾರ್ವರ್ಡ್ ಕ್ಯೋಟೊ ಕ್ರಮದಲ್ಲಿ ಟೈಪ್ ಮಾಡುವಾಗ ‘ಆ’ಗೆ ಕ್ಯಾಪಿಟಲ್ ಎ, ‘ಅ’ಗೆ ಸಣ್ಣ ಎ. ಇದನ್ನು ಮರೆತರೆ ‘ಸಿಗಲಿಲ್ಲ’ ಎಂದು ಬರುತ್ತದೆ, ಇಲ್ಲವೇ ಬೇರೆ ಪದ ಬರುತ್ತದೆ. ಹೆಣ್ಣುಮಕ್ಕಳ ಹೆಸರಿನ ಕೊನೆಯ ದೀರ್ಘ ತೆಗೆದು ಹುಡುಕಿ: ‘ಅನನ್ಯಾ’ ಸಿಗದಿದ್ದರೆ ‘ಅನನ್ಯ’. ಪರೀಕ್ಷೆಗೆ ‘ಆರವ್’ ಹಾಕಿ ನೋಡಿ. ಪಟ್ಟಿಗಳು ‘ಶಾಂತ’ ಎನ್ನುತ್ತವೆ. ನಿಘಂಟಿನಲ್ಲಿ ‘ಆರವ’ ಎಂದರೆ ಸದ್ದು, ಕೂಗು. ಸದ್ದಿಲ್ಲದ್ದು ಬೇಕಿದ್ದರೆ ಹ್ರಸ್ವದ ‘ಅರವ’ ಆಗಬೇಕು. ಮಗು ಯಾವುದಕ್ಕೆ ತಕ್ಕ ಹಾಗಿರುತ್ತದೋ, ಅದು ಬೇರೆ ಮಾತು.