ಎಂಐಟಿ, ಯೇಲ್‌ನ ಉಚಿತ ಉಪನ್ಯಾಸಗಳು: ಕೋಲಾರದ ಪದವಿ ತರಗತಿಯೊಂದರಲ್ಲಿ ಕಂಡಂತೆ

ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರ ಪಾಠ ಮಾಡುವ ನಾನು, ಜಾಗತಿಕ ಆರೋಗ್ಯ, ಬಡತನ ಮತ್ತು ಜನಸಂಖ್ಯೆ ಕುರಿತು ವಿದೇಶಿ ವಿಶ್ವವಿದ್ಯಾಲಯಗಳು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ಉಪನ್ಯಾಸ ಸರಣಿಗಳನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹೆಚ್ಚಾಗಿ ಬಳಸಿರುವುದು ಮೂರನ್ನು: ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಎಂಐಟಿಯಲ್ಲಿ ಜಾಗತಿಕ ಬಡತನದ ಸವಾಲು ಕುರಿತು ಮಾಡಿದ, 2011ರಲ್ಲಿ ಚಿತ್ರೀಕರಣಗೊಂಡ ಸರಣಿ, ಯೇಲ್ ವಿಶ್ವವಿದ್ಯಾಲಯದ ಇತಿಹಾಸಕಾರ ಫ್ರಾಂಕ್ ಸ್ನೋಡೆನ್ '1600ರಿಂದೀಚೆಗೆ ಪಾಶ್ಚಾತ್ಯ ಸಮಾಜದಲ್ಲಿ ಸಾಂಕ್ರಾಮಿಕ ರೋಗಗಳು' ಎಂಬ ಹೆಸರಿನಲ್ಲಿ 2010ರಲ್ಲಿ ನೀಡಿದ ಸರಣಿ, ಮತ್ತು ಅಲ್ಲಿಯೇ ರಾಬರ್ಟ್ ವೈಮನ್ ಜನಸಂಖ್ಯಾ ಬೆಳವಣಿಗೆಯ ಕುರಿತು 2009ರಲ್ಲಿ ಮಾಡಿದ ಪಾಠಗಳು. ಇವು ಅಪರೂಪದ ಗುಣಮಟ್ಟದ ಪಾಠಗಳೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನಮ್ಮ ಕಡೆಯ ವಿದ್ಯಾರ್ಥಿಯ ಕೈಗೆ ಕೊಂಡಿ ಕೊಟ್ಟು, ನೋಡಿಕೊಂಡು ಬಾ ಎಂದರೆ ಕಲಿಕೆ ಆಗಿಬಿಡುತ್ತದೆ ಎಂದು ನಂಬುವವರಿಗೆ ಇದು ನಿರಾಶೆ ತರುವ ಸರಕು. ನಮ್ಮ ಜಿಲ್ಲೆಯ ಅತಿ ದೊಡ್ಡ ಸಮಸ್ಯೆಯಾದ ಅಂತರ್ಜಲ ಕುಸಿತದ ಮುಂದೆ ಈ ಪಾಠಗಳು ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ ಎಂಬುದನ್ನೂ ಹೇಳಬೇಕು.

ಮೊದಲು ಎಂಐಟಿಯ ಸರಣಿ. ಅದರ ಬಲವಿರುವುದು ಮಾಹಿತಿಯಲ್ಲಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕಿಂತ ಹೆಚ್ಚಿನ ಮಾಹಿತಿ ಸಿಗುತ್ತದೆ. ಪ್ರತಿಯೊಂದು ಹೇಳಿಕೆಗೂ 'ಅದು ನಿಮಗೆ ಹೇಗೆ ಗೊತ್ತು' ಎಂದು ಕೇಳುವ ಪಟ್ಟು ಅಲ್ಲಿದೆ. ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸುವ ಪ್ರಯೋಗವನ್ನೇ ನೋಡಬಹುದು. ಯಾವ ಹೊಸ ಏರ್ಪಾಡೂ ಇಲ್ಲದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ 6. ನಿಗದಿತ ದಿನ ತಪ್ಪದೆ ಶಿಬಿರ ನಡೆದ ಕಡೆ ಶೇ 18. ಶಿಬಿರದ ಜೊತೆಗೆ ಪ್ರತಿ ಲಸಿಕೆಗೂ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದ ಮೇಲೆ ಊಟದ ತಟ್ಟೆಗಳನ್ನು ಕೊಟ್ಟ ಕಡೆ ಶೇ 39. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿಗಳು ಮೊದಲು ನಗುತ್ತಾರೆ, ಆಮೇಲೆ ವಾದಕ್ಕೆ ಇಳಿಯುತ್ತಾರೆ. ತಾಯಂದಿರಿಗೆ ಲಸಿಕೆಯ ಮೇಲೆ ನಂಬಿಕೆಯೇ ಇಲ್ಲದಿದ್ದರೆ ಒಂದು ಕಿಲೋ ಬೇಳೆಗೆ ಮಗುವನ್ನು ಕರೆದುಕೊಂಡು ಬರುತ್ತಿದ್ದರೇ? ನಂಬಿಕೆ ಇದ್ದರೆ ಬೇಳೆ ಯಾಕೆ ಬೇಕಾಯಿತು? ಕೂಲಿ ಬಿಟ್ಟು ಬರಬೇಕಾದ ದಿನದ ನಷ್ಟ, ನಾಳೆ ಹಾಕಿಸಿದರಾಯಿತು ಎಂಬ ಮನಸ್ಸು, ಉಪಕೇಂದ್ರಕ್ಕೆ ಹೋದರೆ ಬೀಗ ಹಾಕಿರಬಹುದೆಂಬ ಅನುಮಾನ, ಇವೆಲ್ಲ ತಾವಾಗಿಯೇ ಚರ್ಚೆಗೆ ಬರುತ್ತವೆ. ಮನೆಯಲ್ಲಿ ಆಶಾ ಕಾರ್ಯಕರ್ತೆಯರಿರುವ ವಿದ್ಯಾರ್ಥಿಗಳು ಪ್ರತಿ ತಂಡದಲ್ಲೂ ಒಬ್ಬರಿಬ್ಬರು ಸಿಗುವುದರಿಂದ ಅಂದಿನ ಪಾಠವನ್ನು ಅವರೇ ಮುಂದಕ್ಕೆ ಕೊಂಡೊಯ್ಯುತ್ತಾರೆ.

ಅಪಾಯದ ನಿರ್ವಹಣೆ ಮತ್ತು ವಿಮೆಯ ಪಾಠಗಳು ಕೂಡ ಇಲ್ಲಿ ಚೆನ್ನಾಗಿ ನಾಟುತ್ತವೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋದ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿಯುವುದನ್ನೂ ಕಂಡಿರುವ ಮಕ್ಕಳಿಗೆ ಬೆಲೆಯ ಅನಿಶ್ಚಿತತೆಯನ್ನು ರೇಖಾಚಿತ್ರ ಹಾಕಿ ವಿವರಿಸಬೇಕಾದ ಅಗತ್ಯವೇ ಇಲ್ಲ.

ಈ ಸರಣಿ ನನಗೆ ಅತಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಕೀನ್ಯಾದ ಸೊಳ್ಳೆಪರದೆಗಳ ಅಧ್ಯಯನವನ್ನು ಪಾಠಕ್ಕೆ ತೆಗೆದುಕೊಂಡಾಗ. ಗರ್ಭಿಣಿಯರಿಗೆ ಉಚಿತವಾಗಿ ಕೊಡುತ್ತಿದ್ದ ಪರದೆಗೆ ಅರವತ್ತು ಸೆಂಟ್ ಬೆಲೆ ಇಟ್ಟಕೂಡಲೇ ಅದನ್ನು ಪಡೆಯುವವರ ಪ್ರಮಾಣ ಶೇಕಡಾ 60 ಅಂಶಗಳಷ್ಟು ಕುಸಿಯಿತು. ಹಣ ಕೊಟ್ಟು ಕೊಂಡವರು ಪುಕ್ಕಟೆ ಪಡೆದವರಿಗಿಂತ ಹೆಚ್ಚು ಬಳಸಿದರು ಎಂಬುದಕ್ಕೂ ಪುರಾವೆ ಸಿಗಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರಿಗೆ ಇದು ನುಂಗಲಾರದ ತುತ್ತು. ನಮ್ಮಲ್ಲಿ ಇದಕ್ಕೆ ಹತ್ತಿರದ ಸಂಗತಿಯೆಂದರೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಬಹಳಷ್ಟು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುತ್ತದೆ. ಹಲ್ಲು ಕಂದುಗಟ್ಟುವುದೂ, ವಯಸ್ಸಾದಂತೆ ಮೂಳೆ ಸೆಟೆಯುವುದೂ ಇಲ್ಲಿನವರಿಗೆ ಪುಸ್ತಕದಲ್ಲಿ ಓದಿ ತಿಳಿಯಬೇಕಾದ ವಿಷಯಗಳಲ್ಲ. ಘಟಕದಲ್ಲಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಹಾಗಾದರೆ ನಿಮ್ಮ ಮನೆಯಲ್ಲಿ ಯಾವ ನೀರು ಯಾವುದಕ್ಕೆ ಬಳಕೆಯಾಗುತ್ತದೆ, ಬರೆದುಕೊಂಡು ಬನ್ನಿ ಎಂದು ಹೇಳಿದೆ. ಶ್ರೀನಿವಾಸಪುರ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಕುಡಿಯೋಕೆ ಕ್ಯಾನ್ ನೀರು ಸಾರ್, ಮುದ್ದೆಗೆ ಎಸರಿಡೋದು ಬೋರ್ ನೀರಲ್ಲೇ. ಕ್ಯಾನ್ ನೀರು ಎಸರಿಗೆ ಸುರಿದರೆ ಅಜ್ಜಿ ಬೈತಾರೆ" ಎಂದಳು. ತರಗತಿಯ ಮುಕ್ಕಾಲು ಪಾಲು ಮನೆಗಳ ಕತೆಯೂ ಅದೇ ಆಗಿತ್ತು. ಫ್ಲೋರೈಡ್ ಕುದಿಸಿದರೆ ಹೋಗುವ ವಸ್ತುವಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ; ಹೀಗಾಗಿ ಲೋಟದಲ್ಲಿ ತಪ್ಪಿಸಿದ್ದು ತಟ್ಟೆಯಲ್ಲಿ ಬಂದು ಸೇರುತ್ತದೆ. ಸಣ್ಣ ಬೆಲೆಯೂ ಬಳಕೆಯನ್ನು ಹೇಗೆ ಕತ್ತರಿಸುತ್ತದೆ, ಯಾವ ಬಳಕೆಯನ್ನು ಮೊದಲು ಕತ್ತರಿಸುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಯಾವ ಪುಸ್ತಕದಿಂದಲೂ ಕಲಿಸಲಾರೆ.

ಇಷ್ಟರವರೆಗೆ ಸರಿ. ಆದರೆ ಆ ನೀರು ಆಳಕ್ಕೆ ಇಳಿದದ್ದೇಕೆ ಎಂಬ ಮುಂದಿನ ಪ್ರಶ್ನೆಗೆ ಬಂದಾಗ ಸರಣಿ ಕೈಚೆಲ್ಲುತ್ತದೆ. ಹಳ್ಳಿಗಳನ್ನು ಎರಡು ಗುಂಪಾಗಿ ಚೀಟಿ ಎತ್ತಿ ವಿಂಗಡಿಸಿ, ಒಂದಕ್ಕೆ ಯೋಜನೆ ಕೊಟ್ಟು ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸುವ ವಿಧಾನ ಲಸಿಕೆ, ಪರದೆ, ಜಂತುಹುಳುವಿನ ಮಾತ್ರೆಗಳಿಗೆ ಹೊಂದುತ್ತದೆ. ಅಂತರ್ಜಲಕ್ಕೆ ಹಳ್ಳಿಯ ಗಡಿ ಗೊತ್ತಿಲ್ಲ. ನನ್ನ ಸಾವಿರದ ಇನ್ನೂರು ಅಡಿಯ ಬೋರು ಪಕ್ಕದವರ ಎಂಟುನೂರು ಅಡಿಯದನ್ನು ಒಣಗಿಸುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಬೋರುಗಳಲ್ಲಿ ನೀರು ಬಂತೆಂದು ಸಂತೋಷಪಡುವವರೂ, ಮೂರನೆಯ ಹಂತದ ಸಂಸ್ಕರಣೆ ಇಲ್ಲದ ನೀರು ನಮಗೇಕೆ ಎಂದು ಕೇಳುವವರೂ ನನ್ನ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಅವರ ಜಗಳವನ್ನು ಬಿಡಿಸಲು ಈ ಪಾಠಗಳಲ್ಲಿ ಸಾಧನವಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಒಂದು ಶಾಲೆಯ ಮಕ್ಕಳಿಗೆ ಮಾತ್ರೆ ಕೊಟ್ಟಾಗ ಹತ್ತಿರದ ಶಾಲೆಯ ಮಕ್ಕಳಿಗೂ ಅನುಕೂಲವಾಯಿತೆಂದು ತೋರಿಸಿದ್ದು ಕೀನ್ಯಾದ ಜಂತುಹುಳು ಅಧ್ಯಯನದ ಮುಖ್ಯ ಅಂಶವೇ. ಒಬ್ಬರ ಕ್ರಿಯೆಯ ಫಲ ಇನ್ನೊಬ್ಬರಿಗೆ ತಟ್ಟುವುದನ್ನು ಈ ಅರ್ಥಶಾಸ್ತ್ರಜ್ಞರು ಅರಿಯದವರೇನಲ್ಲ. ಈ ವಿಧಾನಕ್ಕೆ 2019ರಲ್ಲಿ ಬ್ಯಾನರ್ಜಿ, ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲು, 2015ರಲ್ಲಿ, ನೊಬೆಲ್ ಪಡೆದ ಆಂಗಸ್ ಡೀಟನ್ ಇದೇ ವಿಧಾನದ ಪ್ರಖರ ಟೀಕಾಕಾರರು. ಎರಡೂ ಕಡೆಯ ವಾದಗಳನ್ನು ಒಟ್ಟಿಗೆ ಓದಿಸದೆ ಈ ಸರಣಿಯೊಂದನ್ನೇ ತೋರಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ನೋಡೆನ್ ಅವರ ಪಾಠಗಳದ್ದು ಬೇರೆಯೇ ಬಗೆ. ಆಡಂಬರವಿಲ್ಲದೆ, ಸಮಾಧಾನದಿಂದ ಕತೆ ಹೇಳುವಂತೆ ಹೇಳುತ್ತಾರೆ. ಪ್ಲೇಗು, ಸಿಡುಬು, ಕಾಲರಾ, ಕ್ಷಯ, ಮಲೇರಿಯಾ, ಎಚ್‌ಐವಿ ಎಂದು ಸಾಗುವ ಸರಣಿ, ರೋಗವೊಂದು ಸಮಾಜದ ಯಾವ ಬಿರುಕನ್ನು ಹಿಡಿದು ಒಳಬಂತು ಎಂಬುದನ್ನೇ ಮತ್ತೆಮತ್ತೆ ಕೇಳುತ್ತದೆ. ಕೋವಿಡ್‌ಗೆ ಹತ್ತು ವರ್ಷ ಮೊದಲು ಚಿತ್ರಿತವಾದ ಈ ಪಾಠಗಳನ್ನು ಇಂದು ನೋಡಿದರೆ ಕ್ವಾರಂಟೈನ್ ಕುರಿತ ಮಾತುಗಳು ಮೈ ಜುಂ ಎನಿಸುತ್ತವೆ. ಹೆಸರೇ ಸೂಚಿಸುವಂತೆ ಸರಣಿಯ ದೃಷ್ಟಿ ಪಾಶ್ಚಾತ್ಯ ಸಮಾಜದ ಮೇಲಿದೆ. ಹಾಗಾಗಿ 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗಿನ ಕತೆಯನ್ನು ನಾವೇ ಸೇರಿಸಿಕೊಳ್ಳಬೇಕು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಬರುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟರೆ, ವೆನಿಸ್‌ನ ನಲವತ್ತು ದಿನಗಳ ಪ್ರತ್ಯೇಕ ವಾಸ ಅವರಿಗೆ ಬೇಗ ಅರ್ಥವಾಗುತ್ತದೆ.

ವೈಮನ್ ಅವರ ಸರಣಿಗೆ ವಯಸ್ಸಾಗಿದೆ. ಜಗತ್ತಿನ ಜನಸಂಖ್ಯೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು. ಕರ್ನಾಟಕದ ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1.7. ಹೆಚ್ಚುತ್ತಿರುವ ಜನಸಂಖ್ಯೆಯ ಆತಂಕದಲ್ಲಿ ಮಾಡಿದ ಪಾಠವನ್ನು, ಇನ್ನು ಇಪ್ಪತ್ತು ವರ್ಷಕ್ಕೆ ವೃದ್ಧರನ್ನು ನೋಡಿಕೊಳ್ಳುವವರು ಯಾರು ಎಂದು ಯೋಚಿಸಬೇಕಾದ ರಾಜ್ಯದಲ್ಲಿ ತೋರಿಸುವಾಗ ಹೊಸ ಅಂಕಿಗಳನ್ನು ಪಕ್ಕದಲ್ಲಿ ಇಟ್ಟುಕೊಂಡಿರಲೇಬೇಕು. ನಾನು ಈಗ ಅದರ ಮೊದಲ ಕೆಲವು ಪಾಠಗಳನ್ನಷ್ಟೇ ಬಳಸುತ್ತೇನೆ.

ಬಳಕೆಯ ತೊಡಕುಗಳಲ್ಲಿ ಭಾಷೆಯೇ ಮೊದಲನೆಯದು. ನಮ್ಮ ಜಿಲ್ಲೆಯ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರು. ಇಂಗ್ಲಿಷ್ ಅವರಿಗೆ ಮೂರನೆಯ ಮೆಟ್ಟಿಲು. ಒಂದು ಗಂಟೆಗೂ ಮೀರಿದ ವಿಡಿಯೊವನ್ನು ಅವರು ಒಂಟಿಯಾಗಿ ನೋಡುವುದಿಲ್ಲ, ನೋಡಬೇಕೆಂದು ನಿರೀಕ್ಷಿಸುವುದೂ ತಪ್ಪು. ಹತ್ತು ಹನ್ನೆರಡು ನಿಮಿಷದ ತುಣುಕನ್ನು ಮುಕ್ಕಾಲು ವೇಗದಲ್ಲಿ ತೋರಿಸಿ, ನಿಲ್ಲಿಸಿ, ಕನ್ನಡದಲ್ಲಿ ಚರ್ಚಿಸುವುದೇ ನನಗೆ ಫಲ ಕೊಟ್ಟ ಕ್ರಮ. ಎಂಐಟಿ ಮತ್ತು ಯೇಲ್ ಎರಡೂ ಲಾಭದ ಉದ್ದೇಶವಿಲ್ಲದ ಮರುಬಳಕೆಗೆ ಅನುಮತಿಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪಾಠಗಳನ್ನು ಬಿಟ್ಟಿರುವುದರಿಂದ, ಮೂಲವನ್ನು ಹೆಸರಿಸಿ ಅನುವಾದಿಸಿ ಹಂಚಲು ಅಡ್ಡಿಯಿಲ್ಲ. ಯೇಲ್ ಪ್ರತಿ ಉಪನ್ಯಾಸದ ಪೂರ್ಣ ಪಠ್ಯವನ್ನೂ ಧ್ವನಿಮುದ್ರಿಕೆಯನ್ನೂ ಕೊಡುತ್ತದೆ. ನೆಟ್‌ವರ್ಕ್ ಸಿಗದ ಹಳ್ಳಿಯ ವಿದ್ಯಾರ್ಥಿಗೆ ವಿಡಿಯೊಗಿಂತ ಆ ಪಠ್ಯವೇ ಹೆಚ್ಚು ಉಪಯುಕ್ತ.

ಪ್ರಮಾಣಪತ್ರದ ಆಸೆಯಿದ್ದವರು ಎಚ್ಚರದಿಂದಿರಬೇಕು. ಈ ಮುಕ್ತ ಸರಣಿಗಳು ಪ್ರಮಾಣಪತ್ರವನ್ನಾಗಲಿ ಕ್ರೆಡಿಟ್ಟನ್ನಾಗಲಿ ಕೊಡುವುದಿಲ್ಲ. ಬೇರೊಂದು ವೇದಿಕೆಯಲ್ಲಿ ಶುಲ್ಕ ಕಟ್ಟಿ ಇದೇ ವಿಷಯದ ಕೋರ್ಸು ಮುಗಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿ ಅಚ್ಚಾಗಿ, ಎಷ್ಟು ಪತ್ರ ಬರೆದರೂ ಯಂತ್ರದ ಸಿದ್ಧ ಉತ್ತರವಲ್ಲದೆ ಬೇರೇನೂ ಬರಲಿಲ್ಲ. ಕ್ರೆಡಿಟ್ ಬೇಕೆನ್ನುವವರಿಗೆ 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯೇ ಸೂಕ್ತ; ಕಲಿಕೆ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಕೆಎಎಸ್ ಪರೀಕ್ಷೆಗೆ ಓದುತ್ತಿರುವವರು ಕೇಳಿದರೆ ಎಂಐಟಿಯ ಆರೋಗ್ಯದ ಪಾಠಗಳನ್ನು ಮಾತ್ರ ನೋಡಲು ಹೇಳುತ್ತೇನೆ. ಅವರಿಗೆ ಬೇಕಾದ ಅಂಕಿಅಂಶಗಳು ಆರ್ಥಿಕ ಸಮೀಕ್ಷೆಯಲ್ಲಿ ಸಿಗುತ್ತವೆ. ಪಾಠ ಮಾಡುವವರಾದರೆ ಎಂಐಟಿಯ ಸರಣಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ತಾವೇ ನೋಡಿ, ತಮ್ಮ ತಾಲ್ಲೂಕಿನ ಉದಾಹರಣೆಗಳನ್ನು ಬರೆದಿಟ್ಟುಕೊಂಡು, ಅನಂತರವಷ್ಟೇ ತರಗತಿಗೆ ತರುವುದು ಒಳ್ಳೆಯದು.