ಗೇಟಿನಾಚೆ ನಿಲ್ಲುವ ಸಿಟಿ ಬಸ್

ಮೊದಲೇ ಹೇಳಿಬಿಡುತ್ತೇನೆ, ಬಸ್ಸಿನ ವಿಷಯ ಏರ್‌ಪೋರ್ಟಿನ ವಿಚಾರಣೆ ಕೌಂಟರಿನಲ್ಲಿ ಕೇಳಬೇಡಿ. "ಇಲ್ಲಿಂದ ಬಸ್ ಇಲ್ಲ ಸರ್, ಟ್ಯಾಕ್ಸಿ ತಗೊಳ್ಳಿ" ಎಂದು ಮೊದಲ ಸಲ ಅಲ್ಲೇ ಹೇಳಿದ್ದು. ಪಾಪ, ಪೂರ್ತಿ ಸುಳ್ಳೇನಲ್ಲ. ಬಾಗಿಲ ತನಕ ಬಸ್ ಬರುವುದಿಲ್ಲ, ಅಷ್ಟೇ. ಗೇಟು ದಾಟಿ ಮುಖ್ಯ ರಸ್ತೆಗೆ ಹೋದರೆ ಅರ್ಧ ಗಂಟೆಗೊಂದು ಸಿಟಿ ಬಸ್ ಇದೆ.

ಕೆಲಸದ ಮೇಲೆ ಒಂದೇ ವರ್ಷದಲ್ಲಿ ನಾಲ್ಕು ಸಲ ಅದೇ ಪುಟ್ಟ ಏರ್‌ಪೋರ್ಟಿನಲ್ಲಿ ಇಳಿದೆ. ಬರುವುದು ಎಟಿಆರ್ 72, ರೆಕ್ಕೆಯಲ್ಲಿ ಎರಡು ಪಂಖದ ವಿಮಾನ. ಸುಮಾರು 70 ಸೀಟು. ಉದ್ದದ ರನ್‌ವೇ ಬೇಡ, ಅದಕ್ಕೇ ಸಣ್ಣ ಊರುಗಳಿಗೂ ಬರುತ್ತದೆ. ದಿನಕ್ಕೆ ಇಂಥವು ಮೂರು. ಇಳಿದವರೆಲ್ಲ ಹತ್ತು ನಿಮಿಷದಲ್ಲಿ ಕಾರು ಹತ್ತಿ ಮಾಯ. ಇಷ್ಟು ಜನಕ್ಕಾಗಿ ಬೇರೆ ಬಸ್ ಯಾರು ಬಿಡುತ್ತಾರೆ ಹೇಳಿ?

ಈ ಬಸ್ ನಮ್ಮಂಥವರಿಗಾಗಿ ಓಡುವುದೇ ಅಲ್ಲ. ದಾರಿಯ ಹಳ್ಳಿಯವರಿಗೆ, ಏರ್‌ಪೋರ್ಟಿನಲ್ಲಿ ದುಡಿಯುವವರಿಗೆ ಓಡುವುದು. ಹಾಗಾಗಿ ಅದರ ಟೈಮು ವಿಮಾನಕ್ಕೆ ಹೊಂದುವುದಿಲ್ಲ, ಶಿಫ್ಟ್ ಬದಲಾಗುವ ಹೊತ್ತಿಗೆ ಹೊಂದುತ್ತದೆ. ನನಗೆ ಇದು ತಿಳಿದದ್ದು ಎರಡನೇ ಸಲ. ಕಸ ಗುಡಿಸುವ ಕೆಲಸ ಮುಗಿಸಿ, ಡಬ್ಬಿ ಚೀಲ ಹಿಡಿದು ಹೊರಟಿದ್ದ ಒಬ್ಬರನ್ನು "ಅಕ್ಕಾ, ಬಸ್ ಎಲ್ಲಿ ಸಿಗುತ್ತೆ?" ಎಂದು ಕೇಳಿದೆ. "ಬನ್ನಿ, ನಾನೂ ಅದಕ್ಕೇ ಹೋಗ್ತಿರೋದು" ಎಂದರು. ಗಡಿಯಾರ ಕೂಡ ನೋಡದೆ ನಡೆದರು. ನಾವು ಸ್ಟಾಪು ತಲುಪಿದೆವು, ಬಸ್ಸೂ ಬಂತು.

ಆ ನಡಿಗೆ ಮಾತ್ರ ಕಷ್ಟ. ಸುಮಾರು 700 ಹೆಜ್ಜೆ. ಫುಟ್‌ಪಾತ್ ಇಲ್ಲ, ನೆರಳಿಲ್ಲ, ಬಸ್ ಕಡೆಗೆ ಎಂದು ಬಾಣ ಹಾಕಿದ ಒಂದು ಬೋರ್ಡಿಲ್ಲ. ರಸ್ತೆ ಮಾಡಿದವರ ತಲೆಯಲ್ಲಿ ಇದ್ದದ್ದು ಕಾರು ಮಾತ್ರ. ಜಲ್ಲಿಯ ಮೇಲೆ ಸೂಟ್‌ಕೇಸ್ ಎಳೆದು ಒಂದು ಚಕ್ರ ಕಳೆದುಕೊಂಡೆ. ಆಮೇಲಿನ ಎರಡು ಸಲ ಬೆನ್ನಿಗೆ ಹಾಕುವ ಬ್ಯಾಗೇ.

ಸ್ಟಾಪು ರಸ್ತೆಯ ಎರಡೂ ಬದಿಗೆ ಇದೆ, ಎರಡೂ ಕಡೆ ಅದೇ ನಂಬರಿನ ಬಸ್. ಮೂರನೇ ಸಲ, ಎಲ್ಲ ಗೊತ್ತು ಎಂಬ ಜಂಬದಲ್ಲಿ, ಉಲ್ಟಾ ಕಡೆಯದ್ದು ಹತ್ತಿದೆ. ಮನೆಗಳು ಕಡಿಮೆಯಾಗಿ ಹೊಲ ಶುರುವಾದಾಗ ಅನುಮಾನ ಬಂತು. ಕಂಡಕ್ಟರ್ ನಕ್ಕರು. ಕೊನೇ ಸ್ಟಾಪಿನಲ್ಲಿ ಹದಿನೈದು ನಿಮಿಷ ಕೂತು ಅದೇ ಬಸ್ಸಿನಲ್ಲಿ ವಾಪಸ್ ಬಂದೆ. ನಂಬರಿನ ಜೊತೆ ಊರಿನ ಹೆಸರನ್ನೂ ಓದಿ, ಇಲ್ಲವೇ ಹತ್ತುವ ಮೊದಲು ಬಾಯಿ ಬಿಟ್ಟು ಕೇಳಿ.

ಫೋನಿನ ಮ್ಯಾಪಿನಲ್ಲಿ ನೋಡಿದರೆ ಆಗಲ್ವಾ ಎನ್ನಬಹುದು. ಗೂಗಲ್ ಬಸ್ಸಿನ ದಾರಿ ತೋರಿಸಲು ಶುರುಮಾಡಿದ್ದು 2005ರಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ. ಅಲ್ಲಿನ ಬಸ್ ಸಂಸ್ಥೆ ತನ್ನ ವೇಳಾಪಟ್ಟಿಯನ್ನು ಅವರಿಗೆ ಕೊಟ್ಟಿತ್ತು. ಸಂಸ್ಥೆ ಕೊಡದಿದ್ದರೆ ಮ್ಯಾಪಿಗೆ ಗೊತ್ತಾಗುವುದು ಕಷ್ಟ. ನನ್ನ ಫೋನಿನಲ್ಲಿ ಈ ಬಸ್ ಇವತ್ತಿಗೂ ಕಾಣುವುದಿಲ್ಲ. ಆದರೆ ನಾನು ಅದರಲ್ಲಿ ಕೂತು ಬಂದಿದ್ದೇನೆ!

ಒಳಗೆ ಕೂತ ಮೇಲೆ ದೂರು ಕಡಿಮೆ. ಮೆಟ್ಟಿಲು ಎತ್ತರ, ದೊಡ್ಡ ಪೆಟ್ಟಿಗೆ ಇದ್ದರೆ ಇನ್ನೊಬ್ಬರ ಕೈ ಬೇಕು. ಡ್ರೈವರ್ ಪಕ್ಕದ ಇಂಜಿನ್ ಡಬ್ಬದ ಮೇಲೆ ಇಡಲು ಬಿಡುತ್ತಾರೆ. ಚಿಲ್ಲರೆ ಮಾತ್ರ ಇರಲೇಬೇಕು. ಎಟಿಎಂ ಕೊಡುವುದು ದೊಡ್ಡ ನೋಟು, ಹೊರಗೆ ಬರುವ ಮೊದಲೇ ನೀರಿನ ಬಾಟಲಿಯಾದರೂ ಕೊಂಡು ಮುರಿಸಿಕೊಳ್ಳಿ. ಟಿಕೆಟ್ಟಿನ ದುಡ್ಡು ಟ್ಯಾಕ್ಸಿ ಬಾಡಿಗೆಯ ಹತ್ತನೇ ಒಂದು ಪಾಲೂ ಆಗಲಿಲ್ಲ. ಟ್ಯಾಕ್ಸಿಗೆ 25 ನಿಮಿಷ, ಇದಕ್ಕೆ 50. ಶಾಲೆ ಬಿಡುವ ಹೊತ್ತಾದರೆ ಇನ್ನೂ ಜಾಸ್ತಿ, ಮಕ್ಕಳ ಬ್ಯಾಗು ನಿಮ್ಮ ಮಡಿಲಿಗೇ ಬರುತ್ತದೆ.

ಊರಿಗೆ ಹೋಗಲು ಈ ಬಸ್ಸಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ವಾಪಸ್ ವಿಮಾನ ಹಿಡಿಯಲು ಎರಡು ಕೊಟ್ಟರೆ ಹೆಚ್ಚು. ಬಹಳ ಕಡೆ ವಿಮಾನ ಹೊರಡುವ 45ರಿಂದ 60 ನಿಮಿಷ ಮೊದಲೇ ಚೆಕ್‌ಇನ್ ಮುಚ್ಚುತ್ತಾರೆ. ಒಂದು ಬಸ್ ತಪ್ಪಿದರೆ ಲೆಕ್ಕ ಪೂರ್ತಿ ಉಲ್ಟಾ. ಸಾಕಾಗುತ್ತೆ ಅನ್ನಿಸಿದ ಬಸ್ಸಿಗಿಂತ ಒಂದು ಮುಂಚಿನದ್ದು ಹಿಡಿಯಿರಿ.

ರಾತ್ರಿಯ ವಿಮಾನಕ್ಕಂತೂ ಇದನ್ನು ನಂಬಲೇಬೇಡಿ. ಅದು ಇಳಿಯುವುದು 8:05ಕ್ಕೆ, ಕೊನೇ ಬಸ್ 8:10ಕ್ಕೆ. ನಾಲ್ಕನೇ ಸಲ ಗೇಟಿನವರೆಗೂ ಓಡಿದೆ. ಹಿಂದಿನ ಕೆಂಪು ದೀಪ ಕಂಡಿತು. ಕಿಟಕಿ ಪಕ್ಕ ಕೂತಿದ್ದವರು ಅದೇ ಅಕ್ಕ ಇರಬೇಕು.