ಸಿಲಿಂಡರ್ ಶೆಡ್ ಒಳಗೋ, ಹೊರಗೋ?

ತಮ್ಮಾ, ಪುಣೆಯ ಭೋಸರಿಯಲ್ಲಿರೋ ನಿನ್ನ ವೆಲ್ಡಿಂಗ್ ಶೆಡ್‌ಗೆ ಗ್ಯಾಸ್ ಸಿಲಿಂಡರ್ ಒಳಗಿಡೋದೋ ಹೊರಗಿಡೋದೋ, ಯಾವುದು ಸರಿ ಅಂತ ನೀನು ಕೇಳಿದ್ದೆ. ಒಳಗೆ ಗೋಡೆಗೆ ಸರಪಳಿ ಬಿಗಿದು ನಿಲ್ಲಿಸೋದು ಅಗ್ಗ, ಕೈಗೂ ಹತ್ತಿರ. ಆದರೆ ಸೋರಿದ ಅಸಿಟಿಲೀನ್ (ಬೇಗ ಹೊತ್ತಿಕೊಳ್ಳುವ ವೆಲ್ಡಿಂಗ್ ಗ್ಯಾಸ್) ಗಾಳಿಯಾಡದ ಕೋಣೆಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಹೊರಗಿನ ಜಾಲರಿ ಪಂಜರದಲ್ಲಿ ಆ ಭಯ ಬಹಳ ಕಡಿಮೆ. ಖರ್ಚು ಮಾತ್ರ ಜಾಸ್ತಿ. ಪುಣೆಯ ಮಳೆಗೆ ಮೇಲೆ ತಗಡು, ಕೆಳಗೆ ನೀರು ನಿಲ್ಲದ ಕಟ್ಟೆ ಬೇಕು, ಇಲ್ಲವಾದರೆ ತಳ ತುಕ್ಕು ಹಿಡಿಯುತ್ತೆ.

ಹೊತ್ತಿಕೊಳ್ಳದ ಆರ್ಗಾನ್ ಗ್ಯಾಸಿನ ಒಂದೆರಡು ಸಿಲಿಂಡರ್ ಮಾತ್ರ ಇದ್ದರೆ, ಗಾಳಿ ಚೆನ್ನಾಗಿ ಆಡುವ ಶೆಡ್‌ನಲ್ಲಿ ಸರಪಳಿ ಸಾಕು. ಆಕ್ಸಿಜನ್, ಅಸಿಟಿಲೀನ್ ಎರಡನ್ನೂ ಇಡೋದಾದರೆ ನಾನು ಪಂಜರವನ್ನೇ ಹೇಳುತ್ತೇನೆ, ನಡುವೆ ಇಟ್ಟಿಗೆ ಗೋಡೆ ಸಮೇತ.

ಎಲ್ಲಿಟ್ಟರೂ ಮರೂನ್ ಬಣ್ಣದ ಅಸಿಟಿಲೀನ್ ಮಲಗಿಸಬೇಡ, ಒಳಗಿನ ಅಸಿಟೋನ್ ದ್ರವ ವಾಲ್ವಿಗೆ ಬರುತ್ತೆ. ಗ್ರೀಸ್ ಮೆತ್ತಿದ ಕೈಯಿಂದ ಆಕ್ಸಿಜನ್ ವಾಲ್ವ್ ಮುಟ್ಟಲೇಬೇಡ.